ಕೆರೆ ಹೂಳು ತೆಗೆಯುವಾಗ ಮಣ್ಣಿನಡಿ ಜೀವಂತ ಆಮೆಗಳು ಸಿಗುತ್ತಿವೆ. ಏನು ಮಾಡಬೇಕು?

ಗೂಡು_ಶಿಡ್ಲಘಟ್ಟ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟ ತಾಲೂಕಿನ ಸಣ್ಣ ಹಳ್ಳಿ. ರೇಷ್ಮೆಯೇ ಜೀವನ. ಬೋರ್‌ವೆಲ್ ನೀರು ಹರಿಸಿ ಹರಿಸಿ ನಮ್ಮ ಹಿಪ್ಪುನೇರಳೆ ತೋಟದ ಮಣ್ಣು ಬೆಳ್ಳಗೆ ಉಪ್ಪು ಕಟ್ಟಿದೆ. ಸೊಪ್ಪು ಮುಂಚಿನ ಹಾಗೆ ಅಗಲವಾಗಿ ಬರುತ್ತಿಲ್ಲ. ಕೆರೆ ಗೋಡು, ಅಂದರೆ ಹೂಳು ಮಣ್ಣು, ಹೊಡೆಸಿದರೆ ಸರಿಹೋಗುತ್ತದೆ ಅಂತ ಮನೆಯವರೆಲ್ಲ ವರ್ಷಗಳಿಂದ ಹೇಳುತ್ತಿದ್ದರು. ಈ ಬೇಸಿಗೆಯಲ್ಲಿ ಕೆರೆ ಪೂರ್ತಿ ಒಣಗಿತು. ತೂಬಿನ ಹತ್ತಿರ ಒಂದು ಕೆಸರು ಗುಂಡಿ ಬಿಟ್ಟರೆ ಎಲ್ಲ ಕಡೆ ನೆಲ ಬಿರುಕು ಬಿಟ್ಟಿದೆ. ಪಂಚಾಯ್ತಿಯವರು ಹೂಳು ತೆಗೆಯಲು ಒಪ್ಪಿದರು. ಜೆಸಿಬಿ ಬಾಡಿಗೆ ಊರವರು ಹಂಚಿಕೊಳ್ಳುವುದು, ಟ್ರ್ಯಾಕ್ಟರ್ ಅವರವರದು ಅಂತ ಮಾತಾಯಿತು.

ಈಗ ವಿಷಯಕ್ಕೆ ಬರುತ್ತೇನೆ. ತೋಟದಲ್ಲಿ ಸುರಿದ ಮಣ್ಣನ್ನು ಗುದ್ದಲಿಯಲ್ಲಿ ಹರಡುತ್ತಿದ್ದೆ. ಒಂದು ಹೆಂಟೆ ಒಡೆಯಲಿಲ್ಲ. ತಿರುಗಿಸಿ ನೋಡಿದರೆ ಆಮೆ. ಕಾಲು ತಲೆ ಎಲ್ಲ ಒಳಗೆ ಎಳೆದುಕೊಂಡಿತ್ತು. ಸತ್ತಿದೆ ಅಂದುಕೊಂಡು ನೆರಳಲ್ಲಿ ಇಟ್ಟೆ. ಸ್ವಲ್ಪ ಹೊತ್ತಿಗೆ ಮೂತಿ ಹೊರಗೆ ಹಾಕಿತು. ಅವತ್ತಿನಿಂದ ಕೆರೆಯಲ್ಲೇ ನಿಂತು ನೋಡುತ್ತಿದ್ದೇನೆ. ಜೆಸಿಬಿ ಬಕೆಟ್ ಎತ್ತಿದ ಕಡೆಯೆಲ್ಲ ಅಲ್ಲೊಂದು ಇಲ್ಲೊಂದು ಬರುತ್ತಿವೆ.

ಎರಡು ತರಹ ಇವೆ. ಒಂದು ಕಪ್ಪು, ಗಟ್ಟಿ ಚಿಪ್ಪು, ಬೆನ್ನ ಮೇಲೆ ಉದ್ದಕ್ಕೆ ಮೂರು ಏಣು. ಕೈಗೆತ್ತಿಕೊಂಡರೆ ಕೆಟ್ಟ ವಾಸನೆ ಬಿಡುತ್ತದೆ. ಇನ್ನೊಂದು ಚಪ್ಪಟೆ. ಮೇಲೆ ಚರ್ಮದಂಥ ಮೆತ್ತನೆ ಚಿಪ್ಪು, ಹಂದಿ ಮೂತಿಯಂಥ ಚೂಪು ಮೂಗು. ಹಿಂಗಾಲನ್ನು ಒಳಗೆ ಎಳೆದುಕೊಂಡು ಹೊಟ್ಟೆ ಕಡೆಯ ಚರ್ಮದ ಮಡಿಕೆಯಿಂದ ಮುಚ್ಚಿಕೊಳ್ಳುತ್ತದೆ. ಅಂಥದ್ದೊಂದು ಬಕೆಟ್ ಹಲ್ಲಿಗೆ ಸಿಕ್ಕಿ ಎರಡಾಯಿತು. ನನಗೆ ಅದನ್ನು ನೋಡಲಾಗಲಿಲ್ಲ.

ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಪಕ್ಕದೂರಿನ ಕೆರೆಯಲ್ಲಿ ನೀರಿದೆ, ಅಲ್ಲಿ ಬಿಡಿ ಅಂತ ಡ್ರೈವರ್. ದೇವಸ್ಥಾನದ ಕಲ್ಯಾಣಿಗೆ ಹಾಕಿದರೆ ಪುಣ್ಯ ಅಂತ ನಮ್ಮತ್ತೆ. ಹುಡುಗರು ಒಂದನ್ನು ಬಕೆಟ್‌ನಲ್ಲಿ ಮನೆಗೇ ಒಯ್ದಿದ್ದಾರೆ. ಕೆಲಸ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಮಣ್ಣು ನಮಗೂ ಬೇಕು, ಊರಿಗೂ ಬೇಕು. ಆದರೆ ಇವನ್ನು ಕೊಲ್ಲದೆ ಹೂಳು ತೆಗೆಯುವ ದಾರಿ ಇರಬೇಕಲ್ವಾ? ಗೊತ್ತಿದ್ದವರು ದಯವಿಟ್ಟು ಬೇಗ ಹೇಳಿ. ಜೆಸಿಬಿ ದಿನಾ ಓಡುತ್ತಿದೆ.

ಚಿಂತಾಮಣಿ_ಜೀವಶಾಸ್ತ್ರ

ತುಂಬಾ ಚೆನ್ನಾಗಿ ಗಮನಿಸಿದ್ದೀರಿ. ನಾನು ಚಿಂತಾಮಣಿಯಲ್ಲಿ ಪಾಠ ಮಾಡುತ್ತೇನೆ. ನೀವು ಬರೆದಿದ್ದನ್ನು ಓದಿದರೆ ಫೋಟೋ ಬೇಕಾಗಿಲ್ಲ.

ಮೂರು ಏಣಿನ ಕಪ್ಪು ಆಮೆ ಮೆಲನೋಕೆಲಿಸ್ ಟ್ರೈಜುಗ. ನಾವು ಸುಮ್ನೆ ಕರಿ ಆಮೆ ಅನ್ನೋಣ. ಏಷ್ಯಾದ ಕೊಳದ ಆಮೆಗಳು ಮತ್ತು ಪೆಟ್ಟಿಗೆ ಆಮೆಗಳು ಅಂತ ಒಂದು ದೊಡ್ಡ ಕುಟುಂಬವಿದೆ. ಇದು ಅದರ ಸದಸ್ಯ. ಹಗಲಲ್ಲಿ ಜಾಸ್ತಿ ಕಾಣುವುದಿಲ್ಲ. ಸಂಜೆ ಹೊತ್ತು, ರಾತ್ರಿ ಹೊತ್ತು ಹೊರಗೆ ಬಂದು ಹುಲ್ಲು, ಜೊಂಡು, ಹುಳು, ಸತ್ತ ಮೀನು ಎಲ್ಲ ತಿನ್ನುತ್ತದೆ. ಕೆಟ್ಟ ವಾಸನೆ ಬಿಡುವುದು ಅದರ ರಕ್ಷಣೆ.

ಮೆತ್ತನೆ ಚಿಪ್ಪಿನದು ಲಿಸ್ಸೆಮಿಸ್ ಪಂಕ್ಟೇಟ. ಕುಟುಂಬ ಬೇರೆ, ವಾಸ ಅದೇ ಕೆರೆ. ಉತ್ತರ ಭಾರತದಲ್ಲಿ ಇದರ ಬೆನ್ನ ಮೇಲೆ ಹಳದಿ ಚುಕ್ಕೆ ಇರುತ್ತವೆ, ನಮ್ಮ ಕಡೆಯದಕ್ಕೆ ಇರುವುದಿಲ್ಲ. ಕತ್ತು ನೀವು ಅಂದುಕೊಂಡಿದ್ದಕ್ಕಿಂತ ಉದ್ದ. ಮುಂದಿನಿಂದ ಹಿಡಿದರೆ ತಿರುಗಿ ಕಚ್ಚುತ್ತದೆ. ಹಿಂದಿನಿಂದ ಎರಡೂ ಪಕ್ಕ ಹಿಡಿಯಿರಿ.

ಇವು ಅಲ್ಲಿ ಸಿಕ್ಕಿಹಾಕಿಕೊಂಡಿಲ್ಲ. ಬೇಕಂತಲೇ ಹೂತುಕೊಂಡಿವೆ. ಕೆರೆ ಒಣಗುತ್ತಾ ಬಂದಾಗ ಹಸಿ ಕೆಸರಿನೊಳಗೆ ಇಳಿಯುತ್ತವೆ. ಉಸಿರಾಟ, ಎದೆಬಡಿತ ಎಲ್ಲ ನಿಧಾನವಾಗುತ್ತದೆ. ತಿನ್ನುವುದಿಲ್ಲ, ಓಡಾಡುವುದಿಲ್ಲ, ಮಳೆಗೆ ಕಾಯುತ್ತವೆ. ಮೆತ್ತನೆ ಚಿಪ್ಪಿನ ಆಮೆ ತಿಂಗಳುಗಟ್ಟಲೆ ಹೀಗಿರಬಲ್ಲದು. ಹಾಗಾಗಿ ಅಲುಗಾಡಲಿಲ್ಲ ಅಂತ ಸತ್ತಿದೆ ಅನ್ನಬೇಡಿ. ನೆರಳಲ್ಲಿ ಇಟ್ಟು ನೋಡಿದ್ದು ಒಳ್ಳೆಯದಾಯಿತು.

ಈಗ ಎಲ್ಲಿ ಬಿಡಬೇಕು ಅನ್ನುವುದಕ್ಕೆ. ಅದೇ ಕೆರೆಯಲ್ಲಿ. ಜೆಸಿಬಿ ಬರದ ಭಾಗದಲ್ಲಿ, ನೆರಳಿರುವ ಕಡೆ, ಒಂದು ಅಡಿ ಅಗೆದು ತೇವ ಸಿಕ್ಕರೆ ಅಲ್ಲೇ ಇಟ್ಟು ಹಸಿ ಮಣ್ಣು ಸಡಿಲವಾಗಿ ಮುಚ್ಚಿ. ತೇವ ಇಲ್ಲದಿದ್ದರೆ ತೂಬಿನ ಕೆಸರು ಗುಂಡಿಯ ದಡದಲ್ಲಿ ಇಡಿ. ನೀರೊಳಗೆ ಎಸೆಯಬೇಡಿ, ಅದೇ ಇಳಿಯುತ್ತದೆ. ಸಂಜೆ ಬಿಟ್ಟರೆ ಕಾಗೆ ಮತ್ತು ಬಿಸಿಲಿನ ಕಾಟ ಕಡಿಮೆ.

ಪಕ್ಕದ ಕೆರೆ ಬೇಡ. ಹೊಸ ಜಾಗಕ್ಕೆ ಬಿಟ್ಟ ಆಮೆ ಅಲ್ಲಿ ನಿಲ್ಲದೆ ಹೊರಟು ರಸ್ತೆಯಲ್ಲಿ ಚಕ್ರಕ್ಕೆ ಸಿಗುವುದೇ ಜಾಸ್ತಿ. ಒಂದು ಕೆರೆಯ ರೋಗ ಇನ್ನೊಂದಕ್ಕೆ ಹೋಗುವುದೂ ಉಂಟು.

ಕಲ್ಯಾಣಿ ಅಂತೂ ಬೇಡವೇ ಬೇಡ. ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು. ನೀರು ಇಳಿದರೆ ಹತ್ತಲಾಗುವುದಿಲ್ಲ, ಹೂತುಕೊಳ್ಳಲು ಮಣ್ಣಿಲ್ಲ, ಮೊಟ್ಟೆ ಇಡಲು ಜಾಗವಿಲ್ಲ. ನಮ್ಮ ಜಿಲ್ಲೆಯ ಕೆಲವು ಕಲ್ಯಾಣಿಗಳಲ್ಲಿ ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುವ ಆಮೆ ನೋಡಿದ್ದೇನೆ. ಅದು ಅಮೆರಿಕದ್ದು. ಅಂಗಡಿಯಲ್ಲಿ ಮರಿ ಕೊಂಡು, ದೊಡ್ಡದಾದ ಮೇಲೆ ತಂದು ಬಿಟ್ಟು ಹೋಗುತ್ತಾರೆ. ಲೋಕದ ಅತಿ ಹಾನಿಕಾರಕ ಹೊರಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ನಿಮ್ಮ ಕರಿ ಆಮೆ ಅದರ ಜೊತೆ ಊಟಕ್ಕೆ, ಬಿಸಿಲು ಕಾಯಿಸುವ ಕಲ್ಲಿಗೆ ಪೈಪೋಟಿ ಮಾಡಬೇಕಾಗುತ್ತದೆ.

ಇನ್ನೊಂದು ಮಾತು, ಇದನ್ನು ಊರಲ್ಲಿ ಎಲ್ಲರಿಗೂ ಹೇಳಿ. ಹೊಲದ ಬದುವಿನಲ್ಲಿ, ಕುರುಚಲು ಕಾಡಿನಲ್ಲಿ ಸಿಗುವ ನಕ್ಷತ್ರ ಆಮೆಯನ್ನು ಯಾವತ್ತೂ ನೀರಿಗೆ ಬಿಡಬಾರದು. ಅದು ನೆಲದ ಆಮೆ. ಈಜು ಬರುವುದಿಲ್ಲ. ಪುಣ್ಯ ಅಂತ ಕಲ್ಯಾಣಿಗೆ ಬಿಟ್ಟರೆ ಮುಳುಗಿ ಸಾಯುತ್ತದೆ.

ಆ ಹುಡುಗರ ಬಕೆಟ್ ಆಮೆ ಇವತ್ತೇ ವಾಪಸ್ ಬರಲಿ.

ನೀರಗಂಟಿ_ಮನೆ

ನಾನು ಕೋಲಾರದ ಕಡೆಯವನು. ನಮ್ಮ ತಾತ ನೀರಗಂಟಿ, ಅಂದರೆ ತೂಬು ತೆಗೆದು ಕೆರೆ ನೀರು ಹಂಚುವ ಕೆಲಸ ಮಾಡಿದವರು. ನಮ್ಮ ಭಾಗದ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುತ್ತಿದೆ. ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ. ಈಗ ನಮ್ಮಲ್ಲಿ ಬೇಸಿಗೆಯಲ್ಲೂ ನೀರು ಇರುತ್ತದೆ. ಆ ನೀರಿನ ಗುಣದ ಬಗ್ಗೆ ನನಗೆ ನೂರು ಪ್ರಶ್ನೆ ಇವೆ. ಅದು ಇಲ್ಲಿ ಬೇಡ. ಅದಕ್ಕೆ ಮುಂಚೆ ಕೆರೆ ಒಣಗುತ್ತಿದ್ದ ಕಾಲದಲ್ಲಿ ಕಂಡಿದ್ದನ್ನು ಹೇಳುತ್ತೇನೆ.

ಆಗ ಗೋಡು ಹೊಡೆಯುತ್ತಿದ್ದುದು ಗುದ್ದಲಿ, ಮಂಕರಿ, ಎತ್ತಿನ ಗಾಡಿಯಲ್ಲಿ. ಮನುಷ್ಯ ಅಗೆಯುವಾಗ ಗುದ್ದಲಿ ಏಟಿಗೆ ಚಿಪ್ಪಿನ ಸದ್ದು ಕೇಳುತ್ತದೆ. ಕೈ ನಿಲ್ಲುತ್ತದೆ. ಆಮೆ ಎತ್ತಿ ಪಕ್ಕಕ್ಕಿಟ್ಟು ಮತ್ತೆ ಅಗೆಯುತ್ತಿದ್ದರು. ಜೆಸಿಬಿ ಮೇಲೆ ಕೂತವನಿಗೆ ಆ ಸದ್ದು ಕೇಳುವುದಿಲ್ಲ. ಅವನ ತಪ್ಪೂ ಅಲ್ಲ. ಹಾಗಾಗಿ ಕೇಳಿಸಿಕೊಳ್ಳುವ ಕೆಲಸ ನೆಲದ ಮೇಲೆ ನಿಂತವರು ಮಾಡಬೇಕು.

ಹೀಗೆ ಮಾಡಿ ನೋಡಿ. ಕೆರೆಯಂಗಳ ಪೂರ್ತಿ ಒಂದೇ ಸಲ ಕೆದಕಬೇಡಿ. ಒಂದು ಭಾಗ ಹಾಗೇ ಬಿಡಿ. ಯಾವ ಭಾಗ ಅಂದರೆ, ನೀರು ಒಳಗೆ ಬರುವ ಕಾಲುವೆ ಬಾಯಿ ಇರುತ್ತದಲ್ಲ, ಅಲ್ಲಿನ ಜೊಂಡು ಬೆಳೆದ ಜಾಗ. ಇನ್ನೊಂದು ತೂಬಿನ ಮುಂದಿನ ಗುಂಡಿ. ಕೊನೆಯವರೆಗೆ ತೇವ ಉಳಿಯುವುದು ಇವೆರಡರಲ್ಲೇ. ಆಮೆಗಳೂ ಅಲ್ಲೇ ಸೇರುತ್ತವೆ ಅಂತ ನಾನು ಕಂಡಿದ್ದೇನೆ. ಉಳಿದ ನಡುವಿನ ಒಣ ಭಾಗದಲ್ಲೇ ನಿಮಗೆ ಬೇಕಾದಷ್ಟು ಗೋಡು ಸಿಗುತ್ತದೆ. ಅಂಚಿನ ಹಸಿ ಮಣ್ಣಿಗೆ ಆಸೆ ಪಡಬೇಡಿ, ಅದು ಟ್ರೈಲರ್‌ನಲ್ಲಿ ಭಾರ ಜಾಸ್ತಿ, ಹೊಲದಲ್ಲಿ ಹರಡುವುದೂ ಕಷ್ಟ.

ಜೆಸಿಬಿ ಮುಂದೆ ಇಬ್ಬರು ಕಬ್ಬಿಣದ ಕಡ್ಡಿ ಅಲ್ಲ, ಬಿದಿರು ಕೋಲು ಹಿಡಿದು ನಡೆಯಲಿ. ಬಿರುಕಿನ ಪಕ್ಕ ಮೆತ್ತಗೆ ಒತ್ತಿ ನೋಡಲಿ. ಬಕೆಟ್ ಆಳಕ್ಕೆ ಒಂದೇ ಸಲ ಹಾಕದೆ ಮೇಲಿಂದ ಪದರ ಪದರವಾಗಿ ತೆಗೆಯಲು ಡ್ರೈವರ್‌ಗೆ ಹೇಳಿ. ಟ್ರೈಲರ್ ತುಂಬಿದ ಮೇಲೆ ಮತ್ತೊಮ್ಮೆ ಕಣ್ಣಾಡಿಸಿ. ಹೊಲದಲ್ಲಿ ಹರಡುವವರಿಗೂ ಹೇಳಿ, ನೀವು ನೋಡಿದ ಹಾಗೆ ಅಲ್ಲೂ ಬರುತ್ತವೆ.

ಮೀನು ಗುತ್ತಿಗೆ ಹಿಡಿದವರ ಹತ್ತಿರವೂ ಮಾತಾಡಿ. ಕೆರೆ ತುಂಬಿದ ಮೇಲೆ ರಾತ್ರಿಯೆಲ್ಲ ಬಲೆ ಬಿಟ್ಟು ಬೆಳಿಗ್ಗೆ ತೆಗೆದರೆ ಸಿಕ್ಕ ಆಮೆ ಸತ್ತಿರುತ್ತದೆ. ಆಮೆಗೆ ಕಿವಿರಿಲ್ಲ, ಉಸಿರಿಗೆ ಮೇಲೆ ಬರಲೇಬೇಕು.

ಬರದ_ನಾಡು

ಪಾವಗಡದವನು ನಾನು. ಬೇಜಾರಾಗಬೇಡಿ. ನಮ್ಮ ಕಡೆ ಜನ ಕುಡಿಯುವ ನೀರಿಗೆ ಕೊಡ ಹಿಡಿದು ಸಾಲಲ್ಲಿ ನಿಲ್ಲುವುದನ್ನು ನೋಡಿ ಬೆಳೆದಿದ್ದೇನೆ. ಕೆರೆಗೆ ಹೂಳು ತುಂಬಿದರೆ ನೀರು ನಿಲ್ಲಲ್ಲ. ನೀರು ನಿಲ್ಲದಿದ್ದರೆ ಬೋರ್ ಬತ್ತುತ್ತದೆ. ಜೆಸಿಬಿ ಬಾಡಿಗೆ ಗಂಟೆ ಲೆಕ್ಕ. ಪದರ ಪದರ, ಕೋಲು ಹಿಡಿದ ಇಬ್ಬರು ಅಂತ ಶುರು ಮಾಡಿದರೆ ಖರ್ಚು ಯಾರು ಕೊಡೋದು? ಕರಿ ಆಮೆ ಎಲ್ಲ ಕೆರೆಯಲ್ಲೂ ಇದೆ. ಹುಲಿ ಆನೆ ಅಲ್ಲವಲ್ಲ. ಕೆರೆ ತುಂಬಿದರೆ ಆಮೆಗೂ ಒಳ್ಳೆಯದೇ. ಮೊದಲು ಹೂಳು ಹೋಗಲಿ ಅನ್ನೋದು ನನ್ನ ಅಭಿಪ್ರಾಯ.

ಗೂಡು_ಶಿಡ್ಲಘಟ್ಟ

ಎಲ್ಲರಿಗೂ ಧನ್ಯವಾದ. ಬಕೆಟ್ ಆಮೆ ವಾಪಸ್ ಬಂತು. ಹುಡುಗರೇ ಗುಂಡಿ ತೋಡಿ ಇಟ್ಟರು.

ಬರದ_ನಾಡು ಅವರೇ, ನಿಮ್ಮ ಮಾತು ನನಗೆ ಅರ್ಥವಾಗುತ್ತದೆ. ನಾನೂ ಬೋರ್‌ವೆಲ್ ಬತ್ತಿದ ಮನೆಯವಳೇ. ಆದರೆ ಬಾಡಿಗೆ ಲೆಕ್ಕ ನಾವು ಹಾಕಿ ನೋಡಿದೆವು. ಜೆಸಿಬಿ ಜಾಸ್ತಿ ಹೊತ್ತು ಸುಮ್ಮನೆ ನಿಲ್ಲುವುದು ಟ್ರ್ಯಾಕ್ಟರ್ ವಾಪಸ್ ಬರುವವರೆಗೆ ಕಾಯುವಾಗ. ಆ ಹೊತ್ತಿನಲ್ಲೇ ಇಬ್ಬರು ಮುಂದಿನ ಜಾಗ ನಡೆದು ನೋಡುತ್ತಾರೆ. ಇವತ್ತು ಹಾಗೇ ಮಾಡಿದೆವು. ಒಂದು ಟ್ರಿಪ್ಪೂ ಕಡಿಮೆಯಾಗಲಿಲ್ಲ. ನಡೆಯುವವರಿಗೆ ಕೂಲಿ ಇಲ್ಲ, ಮಣ್ಣು ತೆಗೆದುಕೊಳ್ಳುವ ಮನೆಯಿಂದಲೇ ಒಬ್ಬರು ಬರಬೇಕು ಅಂತ ಮಾಡಿಕೊಂಡಿದ್ದೇವೆ. ಕೆರೆ ತುಂಬಿದರೆ ಆಮೆಗೂ ಒಳ್ಳೆಯದು ಅಂದಿರಿ. ನಿಜ. ಆದರೆ ತುಂಬುವ ಹೊತ್ತಿಗೆ ಅದರಲ್ಲಿ ಇರಲು ಆಮೆ ಉಳಿದಿರಬೇಕಲ್ಲ?

ಇನ್ನೊಂದು ಕೇಳಬೇಕು. ಆಮೆ ಸಿಗುತ್ತಿವೆ ಅಂತ ಸುದ್ದಿ ಹರಡಿದೆ. ಯಾವುದೋ ಊರಿನವನು ಬೈಕಿನಲ್ಲಿ ಬಂದು ಇಪ್ಪತ್ತು ಉಗುರಿನ ಆಮೆ ಇದ್ದರೆ ಲಕ್ಷಗಟ್ಟಲೆ ಕೊಡಿಸುತ್ತೇನೆ ಅಂತ ಹುಡುಗರ ಹತ್ತಿರ ಹೇಳಿ ಹೋಗಿದ್ದಾನೆ. ನಂಬರೂ ಕೊಟ್ಟಿದ್ದಾನೆ. ಈಗ ಸಿಕ್ಕ ಸಿಕ್ಕವರು ಆಮೆ ಕಾಲು ಎಳೆದು ಉಗುರು ಎಣಿಸುತ್ತಿದ್ದಾರೆ. ನನಗೆ ಭಯ ಆಗುತ್ತಿದೆ.

ಚಿಂತಾಮಣಿ_ಜೀವಶಾಸ್ತ್ರ

ಆ ನಂಬರನ್ನು ಅರಣ್ಯ ಇಲಾಖೆಗೆ ಕೊಡಿ. ಸಹಾಯವಾಣಿ 1926. ನಿಮ್ಮ ಹೆಸರು ಹೇಳಲು ಹಿಂಜರಿಕೆ ಇದ್ದರೆ ಪಂಚಾಯ್ತಿಯಿಂದ ಮಾಡಿಸಿ. ಇದನ್ನು ತಡ ಮಾಡಬೇಡಿ.

ಉಗುರಿನ ಲೆಕ್ಕ ಹೇಳುತ್ತೇನೆ, ಹುಡುಗರಿಗೆ ತೋರಿಸಿ. ಮೆತ್ತನೆ ಚಿಪ್ಪಿನ ಆಮೆಗೆ ಕಾಲಿಗೆ ಮೂರೇ ಉಗುರು. ಒಟ್ಟು ಹನ್ನೆರಡು. ಕರಿ ಆಮೆಗೆ ಸಾಮಾನ್ಯವಾಗಿ ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು. ಒಟ್ಟು ಹದಿನೆಂಟು. ಯಾವುದೋ ಒಂದಕ್ಕೆ ಒಂದೆರಡು ಜಾಸ್ತಿ ಇದ್ದರೆ, ನಮ್ಮಲ್ಲಿ ಕೆಲವರಿಗೆ ಆರು ಬೆರಳು ಇರುವ ಹಾಗೆ ಅಷ್ಟೇ. ಆ ಆಮೆ ಮನೆಯಲ್ಲಿದ್ದರೆ ದುಡ್ಡಿನ ಮಳೆ ಬರುತ್ತದೆ, ನಿಧಿ ತೋರಿಸುತ್ತದೆ ಅಂತ ನಂಬಿಸಿ ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣದಲ್ಲಿ ಮೋಸ ನಡೆಯುತ್ತಲೇ ಇದೆ. ಆಮೆ ಹಿಡಿದುಕೊಟ್ಟ ಬಡವ ಜೈಲಿಗೆ ಹೋಗುತ್ತಾನೆ. ಮೆತ್ತನೆ ಚಿಪ್ಪಿನ ಆಮೆ, ನಕ್ಷತ್ರ ಆಮೆ ಎರಡೂ 1972ರ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯಲ್ಲಿವೆ. ಹಿಡಿದರೆ, ಮಾರಿದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆ. 2022ರ ತಿದ್ದುಪಡಿಯ ನಂತರ ದಂಡ ಕನಿಷ್ಠ 25,000 ರೂಪಾಯಿ.

ಈಗ ಬರದ_ನಾಡು ಅವರ ಪ್ರಶ್ನೆಗೆ. ಕರಿ ಆಮೆ ಎಲ್ಲ ಕಡೆ ಇದೆ, ಹುಲಿ ಅಲ್ಲವಲ್ಲ ಅಂದಿರಿ. ನಮ್ಮ ಕೆರೆಗಳಲ್ಲಿ ಅದು ಇನ್ನೂ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಏಷ್ಯಾದ ಬೇರೆ ಕಡೆಯೂ ಇದೇ ಮಾತು ಇತ್ತು. ಇದೇ ಕುಟುಂಬದ ಆಮೆಗಳು ವಿಯೆಟ್ನಾಂ, ಲಾವೋಸ್, ದಕ್ಷಿಣ ಚೀನಾದ ಹೊಳೆ ಕೊಳಗಳಲ್ಲಿ ಸಾಮಾನ್ಯವಾಗಿದ್ದವು. 1990ರ ದಶಕದಲ್ಲಿ ಚೀನಾದ ಮಾರುಕಟ್ಟೆ ತೆರೆದುಕೊಂಡಿತು. ಮಾಂಸಕ್ಕೆ, ಔಷಧಿಗೆ, ಸಾಕುವುದಕ್ಕೆ ಅಂತ ಟನ್‌ಗಟ್ಟಲೆ ಆಮೆ ಹೋಯಿತು. ಕೆಲವೇ ವರ್ಷದಲ್ಲಿ ಒಂದೊಂದೇ ದೇಶದ ಆಮೆ ಖಾಲಿಯಾಗುತ್ತಾ ಬಂತು. ವ್ಯಾಪಾರಿಗಳು ಮುಂದಿನ ದೇಶಕ್ಕೆ ಹೋದರು.

ಅದರಲ್ಲಿ ಅತಿ ಹೆಚ್ಚು ಪೆಟ್ಟು ತಿಂದಿದ್ದು ಪೆಟ್ಟಿಗೆ ಆಮೆಗಳು. ಇವುಗಳ ಹೊಟ್ಟೆ ಚಿಪ್ಪಿನಲ್ಲಿ ಒಂದು ಕೀಲು ಇದೆ. ಅಪಾಯ ಕಂಡರೆ ಅದನ್ನು ಮಡಚಿ ಪೂರ್ತಿ ಮುಚ್ಚಿಕೊಳ್ಳುತ್ತವೆ. ನಾಯಿ, ನರಿಗೆ ಆ ಉಪಾಯ ಸಾಕು. ಮನುಷ್ಯನಿಗೆ ಅದು ಎತ್ತಿ ಚೀಲಕ್ಕೆ ಹಾಕಿಕೊಳ್ಳಲು ಇನ್ನೂ ಸುಲಭ. ಮೂರು ಪಟ್ಟೆಯ ಪೆಟ್ಟಿಗೆ ಆಮೆಯಿಂದ ಕ್ಯಾನ್ಸರ್ ವಾಸಿಯಾಗುತ್ತದೆ ಅಂತ ಸುಳ್ಳು ನಂಬಿಕೆ ಹುಟ್ಟಿತು. ಬೆಲೆ ಸಾವಿರಾರು ಡಾಲರ್‌ಗೆ ಏರಿತು. ಇವತ್ತು ಅದು ಕಾಡಿನಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಮೆಕ್‌ಕಾರ್ಡ್ ಪೆಟ್ಟಿಗೆ ಆಮೆಗೆ 1988ರಲ್ಲಿ ವಿಜ್ಞಾನಿಗಳು ಹೆಸರಿಟ್ಟಿದ್ದೇ ಮಾರುಕಟ್ಟೆಯಲ್ಲಿ ಕೊಂಡ ಆಮೆ ನೋಡಿ. ಅದರ ಊರು ಯಾವುದು ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಯುನ್ನಾನ್ ಪೆಟ್ಟಿಗೆ ಆಮೆ ಅಳಿದೇ ಹೋಯಿತು ಅಂತ 2000ದಲ್ಲಿ ಘೋಷಿಸಿದರು. ಆಮೇಲೆ ಕೆಲವು ಜೀವಂತ ಸಿಕ್ಕವು. ಭಾರತದಲ್ಲೂ ಪೆಟ್ಟಿಗೆ ಆಮೆ ಇವೆ, ನಿಕೋಬಾರ್‌ನಲ್ಲಿ ಒಂದು, ಈಶಾನ್ಯ ರಾಜ್ಯಗಳಲ್ಲಿ ಇನ್ನೊಂದು.

2000ದಲ್ಲಿ ಪೆಟ್ಟಿಗೆ ಆಮೆಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟ್ಸ್ ಅನ್ನುವ ವನ್ಯಜೀವಿ ವ್ಯಾಪಾರ ಒಪ್ಪಂದದಲ್ಲಿ ಕಡಿವಾಣ ಬಂತು. 2013ರಲ್ಲಿ ಬ್ಯಾಂಕಾಕ್ ಸಭೆಯಲ್ಲಿ ನಿಮ್ಮ ಕೆರೆಯ ಕರಿ ಆಮೆಯೂ ಆ ಪಟ್ಟಿಗೆ ಸೇರಿತು. ಯಾಕೆ ಸೇರಿಸಿದರು? ಒಂದು ಆಮೆ ಖಾಲಿಯಾದರೆ ಮುಂದಿನದು ಇದೇ ಅಂತ ಗೊತ್ತಿದ್ದರಿಂದ. ಇನ್ನು ನಕ್ಷತ್ರ ಆಮೆ ವಿಚಾರ ನಮ್ಮ ಬಾಗಿಲಲ್ಲೇ ಇದೆ. ಕೋಲಾರ, ಚಿಕ್ಕಬಳ್ಳಾಪುರದಿಂದ ಆಂಧ್ರದ ಗಡಿಯುದ್ದಕ್ಕೂ ಅದರ ವಾಸ. ಭಾರತದ ಒಂದೇ ಒಂದು ವ್ಯಾಪಾರ ಕೇಂದ್ರದಿಂದ ವರ್ಷಕ್ಕೆ ಕನಿಷ್ಠ 55,000 ನಕ್ಷತ್ರ ಆಮೆ ಹೋಗುತ್ತಿವೆ ಅಂತ 2015ರ ಅಧ್ಯಯನ ಹೇಳಿತು. 2019ರಲ್ಲಿ ಅದನ್ನು ಸೈಟ್ಸ್‌ನ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಏರಿಸಿದರು.

ಆಮೆ ಬೇರೆ ಪ್ರಾಣಿಯ ಹಾಗೆ ಬೇಗ ಚೇತರಿಸಿಕೊಳ್ಳುವುದಿಲ್ಲ. ಕರಿ ಆಮೆ ಒಂದು ಸಲಕ್ಕೆ ಇಡುವುದು ಬೆರಳೆಣಿಕೆಯ ಮೊಟ್ಟೆ. ಅದರಲ್ಲಿ ಮುಂಗುಸಿಗೆ, ಉಡಕ್ಕೆ, ನಾಯಿಗೆ ಎಷ್ಟೋ ಹೋಗುತ್ತವೆ. ಮರಿ ಬೆಳೆದು ದೊಡ್ಡದಾಗಲು ವರ್ಷಗಳು ಬೇಕು. ಒಂದು ಕೆರೆಯ ಆಮೆ ಸಂತತಿ ಉಳಿಯುವುದು ದೊಡ್ಡ ಹೆಣ್ಣಾಮೆಗಳು ಬಹಳ ಕಾಲ ಬದುಕಿ ವರ್ಷ ವರ್ಷ ಮೊಟ್ಟೆ ಇಟ್ಟರೆ ಮಾತ್ರ. ಜೆಸಿಬಿ ಒಂದೇ ಬೇಸಿಗೆಯಲ್ಲಿ ಅಂಥ ಹೆಣ್ಣಾಮೆಗಳನ್ನೇ ಕೊಂದರೆ, ಆಮೇಲೆ ಕೆರೆ ಎಷ್ಟೇ ತುಂಬಿದರೂ ಲೆಕ್ಕ ಸರಿಹೋಗುವುದಿಲ್ಲ. ಬೇಸಿಗೆ ಅಂದರೆ ಕೆರೆಯ ಎಲ್ಲ ಆಮೆಗಳೂ ಒಂದೇ ಕಡೆ, ಓಡಲಾಗದೆ ಮಲಗಿರುವ ಕಾಲ.

ಒಂದು ಹೆಸರು ಹೇಳಿ ಮುಗಿಸುತ್ತೇನೆ. ಪಶ್ಚಿಮ ಘಟ್ಟದ ಕಾಡಿನಲ್ಲಿ ಇದೇ ಕುಟುಂಬದ ಒಂದು ಪುಟ್ಟ ಆಮೆ ಇದೆ. 1912ರಲ್ಲಿ ವರ್ಣನೆ ಬರೆದ ಮೇಲೆ ಸುಮಾರು 70 ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. 1982ರಲ್ಲಿ ಜೆ. ವಿಜಯಾ ಅನ್ನುವ ಹೆಣ್ಣುಮಗಳು ಕೇರಳದ ಕಾಡಿನಲ್ಲಿ ಉಳಿದು ಅದನ್ನು ಹುಡುಕಿ ತೆಗೆದರು. ಉರಗ ಸಂಶೋಧನೆಯಲ್ಲಿ ಭಾರತದ ಮೊದಲ ಮಹಿಳೆ ಅಂತ ಅವರನ್ನು ಗುರುತಿಸುತ್ತಾರೆ. 1987ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. 2006ರಲ್ಲಿ ಆ ಆಮೆಯ ಕುಲಕ್ಕೆ ವಿಜಯಾಕೆಲಿಸ್ ಅಂತ ಹೆಸರಿಟ್ಟರು. ನನ್ನ ವಿದ್ಯಾರ್ಥಿನಿಯರಿಗೆ ಪ್ರತಿ ವರ್ಷ ಈ ಮಾತು ಹೇಳುತ್ತೇನೆ. ನೀವು ಬಿಸಿಲಲ್ಲಿ ಕೆರೆಯಲ್ಲಿ ನಿಂತು ನೋಡುತ್ತಿರುವುದು ನನಗೆ ಅದೇ ಸಾಲಿನ ಕೆಲಸವಾಗಿ ಕಾಣುತ್ತದೆ.

ಮಧುಗಿರಿ_ಪಶುವೈದ್ಯ

ಗಾಯದ ಬಗ್ಗೆ ಯಾರೂ ಬರೆದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಚಿಪ್ಪು ಬಿರುಕು ಬಿಟ್ಟ ಆಮೆಯನ್ನು ನೀರಿಗೆ ಹಾಕಬೇಡಿ. ಬೆನ್ನ ಚಿಪ್ಪಿನ ಕೆಳಗೇ ಶ್ವಾಸಕೋಶ ಇದೆ. ಬಿರುಕಿನಲ್ಲಿ ಗುಳ್ಳೆ ಕಂಡರೆ ಏಟು ಅಲ್ಲಿಯವರೆಗೆ ಹೋಗಿದೆ ಅಂತ ತಿಳಿಯಿರಿ. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಹಾಕಿ, ಅದರಿಂದ ಸುತ್ತಲಿನ ಮಣ್ಣು ತೊಳೆಯಿರಿ. ಬಿರುಕಿನೊಳಕ್ಕೆ ನೀರು ಬಿಡಬೇಡಿ. ಶುದ್ಧ ಹತ್ತಿ ಬಟ್ಟೆ ಮುಚ್ಚಿ, ಗಾಳಿಯಾಡುವ ಡಬ್ಬದಲ್ಲಿ ನೆರಳಲ್ಲಿ ಇಡಿ. ನೊಣ ಕೂರದಂತೆ ನೋಡಿಕೊಳ್ಳಿ, ಹುಳ ಬಿದ್ದರೆ ಉಳಿಸುವುದು ಕಷ್ಟ. ಊಟ ಕೊಡಬೇಡಿ. ಅರಿಶಿನ, ಫೆವಿಕ್ವಿಕ್, ಎಂ-ಸೀಲ್ ಯಾವುದೂ ಬೇಡ. ಕೊಳಕನ್ನು ಒಳಗೇ ಇಟ್ಟು ಮುಚ್ಚಿದಂತೆ ಆಗುತ್ತದೆ.

ಬಹಳ ಮುಖ್ಯ: ದನ, ಕುರಿಗೆ ಹುಳಕ್ಕೆ ಕೊಡುವ ಐವರ್ಮೆಕ್ಟಿನ್ ನಿಮ್ಮ ಕಡೆ ಎಲ್ಲರ ಮನೆಯಲ್ಲೂ ಇರುತ್ತದೆ. ಆಮೆಗೆ ಅದು ವಿಷ. ಒಂದು ಹನಿಯೂ ಬೇಡ.

1926ಕ್ಕೆ ಹೇಳಿದರೆ ಅರಣ್ಯ ಇಲಾಖೆಯವರೇ ತೆಗೆದುಕೊಂಡು ಹೋಗಬಹುದು. ಶಿಡ್ಲಘಟ್ಟದಿಂದ ಬೆಂಗಳೂರು ದೂರವಿಲ್ಲ, ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಯಲ್ಲಿ ಇಂಥ ಪ್ರಾಣಿಗಳಿಗೆ ಚಿಕಿತ್ಸೆ ಕೊಡುತ್ತಾರೆ. ಆಮೆ ಚಿಪ್ಪು ಕೂಡುತ್ತದೆ, ಆದರೆ ನಿಧಾನ.

ಗಾಯವಿಲ್ಲದ್ದನ್ನು ಸುಮ್ನೆ ಎತ್ತಿ ಎತ್ತಿ ತೋರಿಸಬೇಡಿ. ಹೆದರಿದರೆ ಒಳಗೆ ಕೂಡಿಟ್ಟ ನೀರನ್ನು ಹೊರಗೆ ಬಿಟ್ಟುಬಿಡುತ್ತದೆ. ಮಳೆಯವರೆಗೆ ಅದಕ್ಕೆ ಇರುವುದು ಆ ನೀರೇ.

ಬರದ_ನಾಡು

ಟ್ರ್ಯಾಕ್ಟರ್ ಕಾಯುವ ಹೊತ್ತಿನ ಲೆಕ್ಕ ನನಗೆ ಹೊಳೆದಿರಲಿಲ್ಲ. ಖರ್ಚಿಲ್ಲದೆ ಆಗುತ್ತದೆ ಅಂದರೆ ನನ್ನದೇನೂ ತಕರಾರಿಲ್ಲ. ನಮ್ಮೂರ ಕೆರೆ ಕೆಲಸದ ಮುಂಚೆ ಈ ಚರ್ಚೆಯನ್ನು ನಮ್ಮ ಪಂಚಾಯ್ತಿ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ.

ಗೂಡು_ಶಿಡ್ಲಘಟ್ಟ

ಹಾಕಿ, ದಯವಿಟ್ಟು ಹಾಕಿ. ಬೈಕಿನವನ ನಂಬರು ಇಲಾಖೆಗೆ ಹೋಗಿದೆ. ಉಗುರಿನ ಲೆಕ್ಕವನ್ನು ಹುಡುಗರು ತಾವೇ ಎಲ್ಲರಿಗೂ ಹೇಳುತ್ತಿದ್ದಾರೆ.

ಕಾಲುವೆ ಬಾಯಿಯ ಜೊಂಡಿನ ಜಾಗ ಮುಟ್ಟಬಾರದು ಅಂತ ಸುಣ್ಣದಲ್ಲಿ ಗೆರೆ ಹಾಕಿದ್ದೇವೆ. ಸಿಕ್ಕವನ್ನೆಲ್ಲ ಅಲ್ಲಿಗೇ ಒಯ್ಯುತ್ತಿದ್ದೇವೆ. ನಮ್ಮತ್ತೆಗೆ ಕಲ್ಯಾಣಿ ವಿಷಯ ಹೇಳಿದೆ. ಈಗ ಅವರೇ ದಿನಾ ಸಂಜೆ ಹೋಗಿ ಆ ಜಾಗಕ್ಕೆ ನಾಯಿ ಬರದಂತೆ ಜಾಲಿ ಮುಳ್ಳು ಹಾಕಿ ಬರುತ್ತಾರೆ.

ಇನ್ನು ಎರಡು ವಿಷಯ ಕೇಳಬೇಕು. ಹೂಳು ಮುಗಿದ ಮೇಲೆ ಕೆರೆ ಸುತ್ತ ನೇರವಾಗಿ ಕಲ್ಲು ಕಟ್ಟಿ ಏರಿ ಮೇಲೆ ಓಡಾಡುವ ದಾರಿ ಮಾಡುವ ಮಾತು ಬಂದಿದೆ. ಗುತ್ತಿಗೆದಾರ ನಕ್ಷೆ ತಂದು ತೋರಿಸಿದ. ನಾಲ್ಕೂ ಕಡೆ ಗೋಡೆಯೇ. ಅದೂ ಕಲ್ಯಾಣಿಯ ಹಾಗೇ ಆಗಿಬಿಡುವುದಿಲ್ಲವಾ? ಎರಡನೆಯದು, ಏರಿ ಬುಡದಿಂದ ಸ್ವಲ್ಪ ಮೇಲೆ ಮಣ್ಣು ಸರಿ ಮಾಡುವಾಗ ಬಿಳಿ ಮೊಟ್ಟೆ ಸಿಕ್ಕಿವೆ. ಗುಂಡಗಿವೆ, ಒಂದು ಇಂಚಿಗಿಂತ ಚೂರು ದೊಡ್ಡವು. ಮುಟ್ಟದೆ ಹಾಗೇ ಗೋಣಿಚೀಲ ಹೊದಿಸಿ, ಕಲ್ಲು ಇಟ್ಟು ಬಂದಿದ್ದೇನೆ. ನಾಳೆ ಅಲ್ಲಿ ಜೆಸಿಬಿ ಓಡಬೇಕು.

ನೀರಗಂಟಿ_ಮನೆ

ಕಲ್ಲು ಬೇಕಿರುವುದು ಏರಿಯ ಒಳಮೈಗೆ, ಅಲೆ ಹೊಡೆಯುವ ಕಡೆ. ಅದೂ ಇಳಿಜಾರಾಗಿ, ನೇರ ಗೋಡೆಯಾಗಿ ಅಲ್ಲ. ಹಳೇ ಕೆರೆಗಳನ್ನು ನೋಡಿ, ಎಲ್ಲ ಹಾಗೇ ಇವೆ. ಏರಿಯ ಎದುರು ದಡ, ಅಂದರೆ ಹೊಲಗಳ ಕಡೆ, ಕಲ್ಲೇ ಬೇಡ. ನೀರು ಹಿಂದೆ ಸರಿದಂತೆ ದನ ಇಳಿದು ಕುಡಿಯುವ ಜಾಗ ಅದು. ಸಭೆಯಲ್ಲಿ ದನದ ಮಾತಿನಿಂದಲೇ ಶುರು ಮಾಡಿ. ದನಕ್ಕೆ ದಾರಿ ಬಿಟ್ಟರೆ ಆಮೆಗೂ ದಾರಿ ಸಿಗುತ್ತದೆ. ಹಾಗೇ ನಿಮ್ಮೂರಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ ಇದ್ದರೆ ಒಂದು ಮೂಲೆಯಲ್ಲಿ ಹಳೇ ಬಲೆಯೋ ಗೋಣಿತಾಟೋ ಕಟ್ಟಿ ಇಳಿಬಿಡಿ. ಬಿದ್ದ ಆಮೆ ಪ್ಲಾಸ್ಟಿಕ್ ಮೇಲೆ ಹತ್ತಲಾರದೆ ಸುಸ್ತಾಗಿ ಮುಳುಗುತ್ತದೆ.

ಚಿಂತಾಮಣಿ_ಜೀವಶಾಸ್ತ್ರ

ಗುಂಡಗಿದ್ದರೆ ಅವು ಮೆತ್ತನೆ ಚಿಪ್ಪಿನ ಆಮೆಯ ಮೊಟ್ಟೆ. ಕರಿ ಆಮೆಯದು ಉದ್ದಕ್ಕಿರುತ್ತದೆ. ಇವು ತಿಂಗಳುಗಟ್ಟಲೆ ಮಣ್ಣಿನಲ್ಲೇ ಇದ್ದು ಮಳೆಗಾಲದ ಹೊತ್ತಿಗೆ ಒಡೆಯುತ್ತವೆ. ಮೊದಲ ಪ್ರಯತ್ನ ಜೆಸಿಬಿಯನ್ನು ಸರಿಸುವುದು, ಮೊಟ್ಟೆಯನ್ನಲ್ಲ. ಬೆಳಿಗ್ಗೆ ಡ್ರೈವರ್ ಬರುವ ಮುಂಚೆ ಸುತ್ತ ನಾಲ್ಕು ಗೂಟ ನೆಟ್ಟು ಕೆಂಪು ಬಟ್ಟೆ ಕಟ್ಟಿ. ಅಷ್ಟು ಜಾಗ ಬಿಡಿ ಅಂದರೆ ಬಿಡುತ್ತಾರೆ.

ಯಾವ ದಾರಿಯೂ ಇಲ್ಲ ಅಂತಾದರೆ 1926ಕ್ಕೆ ಹೇಳಿ, ಅವರ ಒಪ್ಪಿಗೆ ಪಡೆದು ಜಾಗ ಬದಲಿಸಿ. ತಿರುಗಿಸಬಾರದು, ಅದೊಂದು ನೆನಪಿರಲಿ. ಹಕ್ಕಿ ಮೊಟ್ಟೆ ತಿರುಗಿದರೂ ನಡೆಯುತ್ತದೆ. ಆಮೆ ಮೊಟ್ಟೆಯೊಳಗೆ ಭ್ರೂಣ ಮೇಲ್ಭಾಗಕ್ಕೆ ಅಂಟಿಕೊಂಡಿರುತ್ತದೆ, ಮಗುಚಿದರೆ ಸಾಯುತ್ತದೆ. ಮಣ್ಣು ಕೈಯಲ್ಲೇ ಸರಿಸಿ. ಪ್ರತಿ ಮೊಟ್ಟೆಯ ನೆತ್ತಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಪೆನ್ ಬೇಡ. ಅದೇ ಮಣ್ಣು ತುಂಬಿದ ತಟ್ಟೆಯಲ್ಲಿ ಗುರುತು ಮೇಲಿರುವಂತೆ ಇಟ್ಟು, ನಡೆದೇ ಒಯ್ಯಿರಿ, ಬೈಕ್ ಬೇಡ. ಹತ್ತಿರದಲ್ಲೇ, ನೀರು ಏರದಷ್ಟು ಎತ್ತರದಲ್ಲಿ, ಅಷ್ಟೇ ಬಿಸಿಲು ಬೀಳುವ ಕಡೆ, ಎಷ್ಟು ಆಳದಲ್ಲಿ ಸಿಕ್ಕವೋ ಅಷ್ಟೇ ಆಳದಲ್ಲಿ ಮುಚ್ಚಿ. ಮೇಲೆ ನಿಮ್ಮ ಮನೆಯ ಹಳೇ ಚಂದ್ರಿಕೆ (ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ) ಬೋರಲು ಹಾಕಿ ಅಂಚಿಗೆ ಕಲ್ಲು ಇಟ್ಟರೆ ಮುಂಗುಸಿ ಕೆದಕುವುದು ತಪ್ಪುತ್ತದೆ. ಮೊದಲ ದೊಡ್ಡ ಮಳೆ ಬಿದ್ದ ದಿನ ಚಂದ್ರಿಕೆ ತೆಗೆದುಬಿಡಿ.